ಬೋಡಿ: ಚಿನ್ನ ಮುಗಿದ ಮೇಲೂ ಉಳಿದ ಊರು

ಕ್ಯಾಲಿಫೋರ್ನಿಯಾದಲ್ಲಿ ಇರುವವರು ಬೋಡಿಗೆ ಒಮ್ಮೆ ಹೋಗಲೇಬೇಕು. 1859ರಲ್ಲಿ ಇಲ್ಲಿ ಚಿನ್ನ ಸಿಕ್ಕಿತು, 1880ರ ಹೊತ್ತಿಗೆ ಸಾವಿರಾರು ಜನ ಬಂದು ತುಂಬಿಕೊಂಡರು, ಅದಿರು ಕಮ್ಮಿಯಾದ ಹಾಗೆ ಗಂಟುಮೂಟೆ ಕಟ್ಟಿದರು, ಉಳಿದದ್ದರಲ್ಲಿ ಬಹುಪಾಲನ್ನು 1932ರ ಬೆಂಕಿ ನುಂಗಿತು. 1962ರಿಂದ ಇದು ಸರ್ಕಾರಿ ಪಾರ್ಕ್. ನನಗೆ ತುಂಬಾ ಹಿಡಿಸಿದ್ದು ಪಾರ್ಕಿನವರು ಊರನ್ನು ನೋಡಿಕೊಳ್ಳುವ ರೀತಿ. ಹೊಸ ಬಣ್ಣ ಇಲ್ಲ, ಥಳುಕು ಇಲ್ಲ, ಮನೆಗಳು ಬೀಳದ ಹಾಗೆ ಆಸರೆ ಕೊಡುತ್ತಾರೆ ಅಷ್ಟೇ. ಅಂಗಡಿಯ ಕಿಟಕಿಯಲ್ಲಿ ಇಣುಕಿದರೆ ಕಪಾಟಿನ ಸಾಮಾನು ಧೂಳು ಹೊತ್ತು ಹಾಗೇ ಕೂತಿದೆ. 2001ರಲ್ಲಿ ಮುಚ್ಚಿದ ನಮ್ಮ ಕೆಜಿಎಫ್ ಗಣಿಯ ಹಳೇ ಕಟ್ಟಡಗಳನ್ನೂ ಹೀಗೇ ಕಾಪಾಡಬೇಕು ಅಲ್ವಾ? ಬೋಡಿಗೆ ಹೋಗುವಾಗ ಕೊನೆಯ 3 ಮೈಲಿ ಮಣ್ಣು ರಸ್ತೆ, ಒಳಗೆ ಹೋಟೆಲ್ ಇಲ್ಲ, ಬುತ್ತಿ ಕಟ್ಟಿಕೊಂಡೇ ಹೋಗಿ. ಎತ್ತರ 8,000 ಅಡಿಗೂ ಜಾಸ್ತಿ, ಸ್ವೆಟರ್ ಇರಲಿ.