ಸೈಕಲ್ ಲೈಟಿನ ಬ್ಯಾಟರಿ ಬಿಚ್ಚಿ ಹೊಸ ಸೆಲ್ ಹಾಕಿಸಿದ್ದು: ರಾಯಚೂರಿನ ಎರಡು ಬೇಸಿಗೆ ಕಳೆದ ಮೇಲೆ

ಸೈಕಲ್ ಲೈಟು ಕೆಟ್ಟಿತು ಅಂತ ಎಸೆಯೋಕೆ ಮುಂಚೆ ಅದರ ಬ್ಯಾಟರಿ ಬಿಚ್ಚಿ ನೋಡಿ. ಆನ್‌ಲೈನಿನಲ್ಲಿ ಸಿಗುವ 8.4 ವೋಲ್ಟಿನ ಅಗ್ಗದ ಲೈಟುಗಳಲ್ಲಿ ತಲೆ ಗಟ್ಟಿ ಇರುತ್ತದೆ, ಹೊಟ್ಟೆ ಪೊಳ್ಳು. ಅಲ್ಯೂಮಿನಿಯಂ ಕವಚ, ಒಳಗಿನ ಎಲ್‌ಇಡಿ, ಅದನ್ನು ನಡೆಸುವ ಚಿಕ್ಕ ಸರ್ಕೀಟು ವರ್ಷಗಟ್ಟಲೆ ಬಾಳುತ್ತವೆ. ತಯಾರಕರು ದುಡ್ಡು ಉಳಿಸುವುದೆಲ್ಲ ಬ್ಯಾಟರಿಯಲ್ಲಿ. ನನ್ನ ಲೈಟಿನದೂ ಅದೇ ಕತೆ. ಕಂಪನಿ ಹೆಸರು ಬೇಡ, ಒಂದೇ ಮಾಲು ಹತ್ತು ಹೆಸರಲ್ಲಿ ಮಾರಾಟವಾಗುತ್ತದೆ.

ನಾನು ಸೈಕಲ್ ತುಳಿಯುವುದು ಬೆಳಗಿನ ಜಾವ, ರಾಯಚೂರಿನಿಂದ ಶಕ್ತಿನಗರದ ಕಡೆಗೆ. ಬೇಸಿಗೆಯಲ್ಲಿ ಎಂಟು ಗಂಟೆಯಾದರೆ ಬಿಸಿಲು ತಡೆಯೋಕಾಗಲ್ಲ, ಹಾಗಾಗಿ ಕತ್ತಲಿರುವಾಗಲೇ ಹೊರಡಬೇಕು. ಆ ದಾರಿಯಲ್ಲಿ ಉಷ್ಣ ವಿದ್ಯುತ್ ಸ್ಥಾವರದ ಹಾರುಬೂದಿ ಟ್ಯಾಂಕರುಗಳು, ಭತ್ತದ ಲಾರಿಗಳು ಎದುರಾಗುತ್ತವೆ. ಅವುಗಳ ಹೆಡ್‌ಲೈಟ್ ಕಣ್ಣಿಗೆ ಹೊಡೆದು ದಾಟಿಹೋದ ಮೇಲೆ ಎರಡು ಕ್ಷಣ ಏನೂ ಕಾಣಲ್ಲ. ಗುಂಡಿ ಸಿಗೋದು ಸರಿಯಾಗಿ ಆಗಲೇ. ಅಂಥ ಹೊತ್ತಲ್ಲಿ ಲೈಟು ಮಿಣುಕಿ ಆರಿಹೋದರೆ ಜೀವಕ್ಕೇ ಸಂಚಕಾರ. ಆದ್ದರಿಂದ ಈ ಬ್ಯಾಟರಿ ವಿಷಯ ನನಗೆ ಹವ್ಯಾಸದ ಮಾತಲ್ಲ.

ಹಳೆ ಪ್ಯಾಕಿನ ಮೇಲೆ 6400 ಎಂಎಎಚ್ (ಮಿಲಿ ಆಂಪಿಯರ್ ಅವರ್, ಬ್ಯಾಟರಿ ಎಷ್ಟು ಹಿಡಿಯುತ್ತದೆ ಅನ್ನುವ ಲೆಕ್ಕ) ಅಂತ ಅಚ್ಚಾಗಿತ್ತು. ಒಂದು ವರ್ಷ ತುಂಬುವ ಹೊತ್ತಿಗೆ ಜೋರು ಬೆಳಕಿನಲ್ಲಿ ಒಂದು ಗಂಟೆ ಸಹ ಬರುತ್ತಿರಲಿಲ್ಲ. ಆಮೇಲೆ ಚಾರ್ಜರಿಗೆ ಹಾಕಿದ ಸ್ವಲ್ಪ ಹೊತ್ತಿಗೇ ಹಸಿರು ದೀಪ ಬರಲು ಶುರುವಾಯಿತು. ತುಂಬಿದೆ ಅಂತ ತೋರಿಸುತ್ತೆ, ತುಂಬಿರೋದೇ ಇಲ್ಲ. ಪ್ಲಾಸ್ಟಿಕ್ ಸುತ್ತು ಕತ್ತರಿಸಿ ನೋಡಿದರೆ ಒಳಗೆ 18650 ಅಳತೆಯ ನಾಲ್ಕು ಸೆಲ್: 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಎರಡೆರಡು ಸೆಲ್ ಅಕ್ಕಪಕ್ಕ ಜೋಡಿಸಿ, ಆ ಎರಡು ಜೋಡಿಗಳನ್ನು ಒಂದರ ಹಿಂದೆ ಒಂದು ಸೇರಿಸಿದ್ದರು. ಮಲ್ಟಿಮೀಟರ್ ಇಟ್ಟಾಗ ಒಂದು ಜೋಡಿ 3.9 ವೋಲ್ಟ್, ಇನ್ನೊಂದು 1.7. ಚಾರ್ಜಿಗೆ ಹಾಕಿದಾಗ ಗಟ್ಟಿ ಇರುವ ಜೋಡಿ ಬೇಗ ತುಂಬಿ ರಕ್ಷಣೆಯ ಸರ್ಕೀಟು, ಅಂದರೆ ಬಿಎಂಎಸ್, ಕರೆಂಟು ಕಡಿದು ಹಾಕುತ್ತಿತ್ತು. ಸತ್ತ ಜೋಡಿ ತುಂಬುತ್ತಲೇ ಇರಲಿಲ್ಲ.

2 ವೋಲ್ಟಿಗಿಂತ ಕೆಳಗೆ ಬಹಳ ದಿನ ಬಿದ್ದಿದ್ದ ಲಿಥಿಯಂ ಸೆಲ್ಲಿಗೆ ಮತ್ತೆ ಚಾರ್ಜ್ ಕೊಟ್ಟು ಎಬ್ಬಿಸಲು ಹೋಗಬೇಡಿ. ಒಳಗಿನ ತಾಮ್ರದ ಹಾಳೆ ಕರಗಿರಬಹುದು. ಚಾರ್ಜ್ ಮಾಡುವಾಗ ಆ ತಾಮ್ರ ಬೇಡದ ಕಡೆ ಕೂತು ಒಳಗೇ ಶಾರ್ಟ್ ಆಗಬಹುದು, ಬೆಂಕಿ ಹತ್ತಬಹುದು. ಯೂಟ್ಯೂಬಿನಲ್ಲಿ ಹೀಗೆ ಸೆಲ್ 'ಬದುಕಿಸುವ' ವಿಡಿಯೊಗಳಿವೆ. ದಯವಿಟ್ಟು ನಂಬಬೇಡಿ.

ಒಂದು ಸೆಲ್ಲನ್ನು ಅಕ್ಕಸಾಲಿಗರ ಅಂಗಡಿಯಲ್ಲಿ ತೂಗಿಸಿದೆ: 36 ಗ್ರಾಂ. ಈ ಅಳತೆಯ 3500 ಎಂಎಎಚ್ ಅಸಲಿ ಸೆಲ್ 50 ಗ್ರಾಂ ಹತ್ತಿರ ತೂಗುತ್ತದೆ. ತೂಕವೊಂದೇ ಪೂರ್ತಿ ಸಾಕ್ಷಿಯಲ್ಲ, ಆದರೆ ಇಷ್ಟು ಹಗುರವಾಗಿದ್ದರೆ ಒಳಗೆ ಸರಕು ಕಮ್ಮಿ ಅಂತಲೇ ತಿಳಿಯಿರಿ. 18650 ಸೆಲ್ ಮೇಲೆ 9800 ಎಂಎಎಚ್ ಅಂತ ಬರೆದಿದ್ದರಂತೂ ಅದು ಕಣ್ಣಿಗೆ ಕಾಣುವ ಸುಳ್ಳು.

ಹೊಸ ಸೆಲ್ಲುಗಳನ್ನು ನಾನೇ ತರಿಸಿದೆ: ಸ್ಯಾಮ್‌ಸಂಗ್ 35ಇ, 3500 ಎಂಎಎಚ್, ನಾಲ್ಕೂ ಒಂದೇ ಬ್ಯಾಚಿನವು. ಈ ಸೆಲ್ 8 ಆಂಪಿಯರ್ ತನಕ ಕೊಡಬಲ್ಲದು, ನನ್ನ ಲೈಟು ಎಳೆಯೋದು ಒಂದು ಆಂಪಿಯರಿಗಿಂತ ತುಸು ಹೆಚ್ಚು. ಹಾಗಾಗಿ ಸೆಲ್ಲಿನ ಮೇಲೆ ಭಾರವೇ ಬೀಳಲ್ಲ. ಬಿಎಂಎಸ್ ಕೂಡ ಹೊಸದು.

ಕೂಡಿಸಿ ಕೊಟ್ಟವರು ನಮ್ಮೂರಿನ ಒಬ್ಬ ರಿಪೇರಿಯವರು. ಹತ್ತಿ, ಮೆಣಸಿನಕಾಯಿಗೆ ಔಷಧಿ ಹೊಡೆಯುವ ಬ್ಯಾಟರಿ ಪಂಪು, ಎಲೆಕ್ಟ್ರಿಕ್ ಸ್ಕೂಟರ್ ಅವರ ಮುಖ್ಯ ಕೆಲಸ. ಅವರ ಹತ್ತಿರ ಸ್ಪಾಟ್ ವೆಲ್ಡಿಂಗ್ ಯಂತ್ರ ಇದೆ ಅನ್ನೋದೇ ನಾನು ಅಲ್ಲಿಗೆ ಹೋದ ಕಾರಣ. ಸೋಲ್ಡರಿಂಗ್ ಕಡ್ಡಿಯನ್ನು ಸೆಲ್ಲಿಗೆ ಒತ್ತಿ ಹಿಡಿದರೆ ಆ ಕಾವಿಗೆ ಒಳಗಿನ ತೆಳು ಪದರ, ಮೇಲಿನ ಸೀಲು ಹಾಳಾಗುತ್ತವೆ. ಸ್ಪಾಟ್ ವೆಲ್ಡಿಂಗಿನಲ್ಲಿ ಕಾವು ಕ್ಷಣಮಾತ್ರ, ಒಂದು ಚುಕ್ಕೆಯಷ್ಟು ಜಾಗಕ್ಕೆ ಮಾತ್ರ.

ಅವರು ಮೊದಲು ಮಾಡಿದ್ದು ನಾಲ್ಕೂ ಸೆಲ್ಲಿನ ವೋಲ್ಟ್ ಅಳೆದದ್ದು. "ನಾಕೂ ಸಮ ಇರಬೇಕ್ರಿ ಸರ. ಹೆಚ್ಚು ಕಮ್ಮಿ ಇದ್ದು ಬಾಜೂಕ್ ಬಾಜೂಕ್ ಜೋಡಿಸಿದ್ರ ಒಂದರಾಗಿಂದ ಇನ್ನೊಂದಕ್ಕ ಒಮ್ಮೆಲೇ ಹರೀತದ, ಬಿಸಿ ಆಗ್ತದ" ಅಂದರು. ಆಮೇಲೆ ಪ್ರತಿ ಸೆಲ್ಲಿನ ಪ್ಲಸ್ ತುದಿಗೆ ಉಂಗುರದಂಥ ದಪ್ಪ ಕಾಗದ ಅಂಟಿಸಿದರು. ಅದು ಯಾಕೆ ಅಂತ ಬಹಳ ಜನಕ್ಕೆ ಗೊತ್ತಿರಲ್ಲ. ಸೆಲ್ಲಿನ ಇಡೀ ಡಬ್ಬಿಯೇ ಮೈನಸ್. ಪ್ಲಸ್ ಗುಂಡಿಯ ಸುತ್ತಲಿನ ಅಂಚೂ ಮೈನಸ್ಸೇ, ನಡುವೆ ಇರೋದು ತೆಳ್ಳನೆ ಪ್ಲಾಸ್ಟಿಕ್ ಸುತ್ತು. ಸೈಕಲ್ ಕುಲುಕಾಟಕ್ಕೆ, ಸೆಲ್ಲುಗಳನ್ನು ಜೋಡಿಸುವ ನಿಕಲ್ ಪಟ್ಟಿ ಆ ಸುತ್ತನ್ನು ಸವೆಸಿಬಿಟ್ಟರೆ ನೇರ ಶಾರ್ಟ್. ನಾಲ್ಕಾಣೆ ಬೆಲೆಯ ಆ ಕಾಗದವನ್ನು ಹಳೆ ಪ್ಯಾಕಿನಲ್ಲಿ ಹಾಕೇ ಇರಲಿಲ್ಲ.

ಪಟ್ಟಿ ವೆಲ್ಡ್ ಮಾಡಿದ ಮೇಲೆ ಅದರ ತುದಿಯನ್ನು ಇಕ್ಕಳದಲ್ಲಿ ಹಿಡಿದು ಜಗ್ಗಿ ತೋರಿಸಿದರು, ಕಿತ್ತು ಬರಲಿಲ್ಲ. ಬಿಎಂಎಸ್‌ಗೆ ಮೊದಲು ಮೈನಸ್, ಆಮೇಲೆ ಎರಡು ಜೋಡಿ ಸೇರುವ ನಡುವಿನ ಬಿಂದುವಿನ ತಂತಿ, ಕೊನೆಗೆ ಪ್ಲಸ್. ಲೈಟಿಗೆ ಹೋಗುವ ತಂತಿ ಪ್ಯಾಕಿನಿಂದ ಹೊರಬರುವ ಜಾಗದಲ್ಲಿ ಒಳಗಡೆಯೇ ಬಿಗಿದು ಕಟ್ಟಿದರು. ಇಂಥ ಪ್ಯಾಕುಗಳಲ್ಲಿ ತಂತಿ ತುಂಡಾಗೋದು ಅದೇ ಜಾಗದಲ್ಲಿ. ನಡುವಿನ ಬಿಂದುವಿನಿಂದ ಒಂದು ಚಿಕ್ಕ ಮೂರು ಪಿನ್ನಿನ ಸಾಕೆಟ್ಟನ್ನು ಹೊರಗೆ ತೆಗೆಸಿಕೊಂಡೆ. ಪ್ಯಾಕು ಬಿಚ್ಚದೆ ಎರಡೂ ಜೋಡಿಯ ವೋಲ್ಟ್ ನೋಡಬಹುದು. ಯಾರೇ ಮಾಡಿಸಿದರೂ ಇದನ್ನು ಕೇಳಿ ಹಾಕಿಸಿಕೊಳ್ಳಿ. ಸೆಲ್, ಬಿಎಂಎಸ್, ಕೂಲಿ ಎಲ್ಲ ಸೇರಿ ಎರಡು ಸಾವಿರದ ಒಳಗೆ ಮುಗಿಯಿತು.

ಇನ್ನು ಬಾಳಿಕೆ. ಹೊಸದರಲ್ಲಿ ಜೋರು ಬೆಳಕು ಐದು ಗಂಟೆ ದಾಟುತ್ತಿತ್ತು, ಈಗ ನಾಲ್ಕೂವರೆ ಹತ್ತಿರ. ಎರಡು ಜೋಡಿಗಳ ನಡುವಿನ ವ್ಯತ್ಯಾಸ 0.02 ವೋಲ್ಟ್ ದಾಟಿಲ್ಲ. ಅದು 0.1 ತಲುಪಿದರೆ ಮತ್ತೆ ಅವರ ಅಂಗಡಿಗೆ ಹೋಗೋದೇ. ಮಳೆಗಾಲದಲ್ಲಿ ತೊಂದರೆ ಬಂದಿಲ್ಲ, ಆದರೆ ಹೀಟ್ ಶ್ರಿಂಕ್, ಅಂದರೆ ಬಿಸಿ ತಾಗಿಸಿ ಬಿಗಿಯಾಗಿಸಿದ ಪ್ಲಾಸ್ಟಿಕ್ ಸುತ್ತು ನೀರು ಪೂರ್ತಿ ತಡೆಯಲ್ಲ, ಚೀಲದೊಳಗೆ ಇಡಬೇಕು. ಒಂದು ಕೊರತೆ ಇದೆ: ಲೈಟಿನ ಬಟನ್ನು ಬಹಳ ಹೊತ್ತು ಹಸಿರು ತೋರಿಸಿ, ಕೆಂಪಿಗೆ ಬಂದ ಮೇಲೆ ಚಾರ್ಜು ಬೇಗ ಇಳಿದುಬಿಡುತ್ತದೆ. ಅದರ ಲೆಕ್ಕ ಹಳೆ ಸೆಲ್ಲಿನದು. ಕೆಂಪು ಕಂಡರೆ ಮನೆ ದಾರಿ ಹಿಡಿಯಿರಿ.

ನಮ್ಮ ಭಾಗದವರು ಎಂಎಎಚ್‌ಗಿಂತ ಹೆಚ್ಚು ನೋಡಬೇಕಾದ್ದು ಬಿಸಿಲನ್ನು. ಈ ಸೆಲ್ಲುಗಳನ್ನು ಚಾರ್ಜ್ ಮಾಡಬೇಕಾದ್ದು 0ಯಿಂದ 45 ಡಿಗ್ರಿ ಒಳಗೆ. ಮೇ ತಿಂಗಳಲ್ಲಿ ರಾಯಚೂರಿನ ನೆರಳೇ 43, 44 ಮುಟ್ಟುತ್ತದೆ, ತಗಡಿನ ಶೆಡ್ಡಿನ ಒಳಗೆ ಇನ್ನೂ ಮೇಲೆ. ಮಧ್ಯಾಹ್ನ ಶೆಡ್ಡಿನಲ್ಲಿ ಚಾರ್ಜಿಗೆ ಹಾಕೋದು ಬೇಡವೇ ಬೇಡ. ನಾನು ಸಂಜೆ ಮನೆ ಒಳಗೆ, ಕಲ್ಲಿನ ನೆಲದ ಮೇಲೆ, ಕಣ್ಣೆದುರಿಗೆ ಇಟ್ಟು ಹಾಕುತ್ತೇನೆ. ನನ್ನ 1 ಆಂಪಿಯರ್ ಚಾರ್ಜರಿಗೆ ಖಾಲಿ ಪ್ಯಾಕು ತುಂಬಲು ಏಳು ಗಂಟೆ ಮೀರುತ್ತದೆ, ಆದ್ದರಿಂದ ಪೂರ್ತಿ ಖಾಲಿ ಆಗೋಕೆ ಬಿಡಲ್ಲ. ಊರಿಗೆ ಹೋಗುವಾಗ ತುಂಬಿಸಿ ಇಡಲ್ಲ, 7.4 ವೋಲ್ಟ್ ಆಸುಪಾಸಿನಲ್ಲಿ ಬಿಡುತ್ತೇನೆ. ತುಂಬಿದ ಸೆಲ್ ಸೆಕೆಗೆ ಬೇಗ ಮುದಿಯಾಗುತ್ತದೆ. ಲೈಟಿನ ಪ್ಲಗ್ಗನ್ನೂ ಕಿತ್ತಿಡಬೇಕು. ಆರಿಸಿದ ಮೇಲೂ ಬಟನ್ನಿನ ಒಳಗಿನ ಸಣ್ಣ ದೀಪ ಹನಿಹನಿಯಾಗಿ ಎಳೆಯುತ್ತಲೇ ಇರುತ್ತದೆ.

ಸ್ಪಾಟ್ ವೆಲ್ಡಿಂಗ್ ಇಲ್ಲದವರ ಹತ್ತಿರ ಮಾಡಿಸಬೇಡಿ. ಅಸಲಿ ಸೆಲ್ ಸಿಗದಿದ್ದರೆ ಸಿಗುವ ತನಕ ಕಾಯಿರಿ. ಹಳೆ ಸೆಲ್ಲಿನ ಎರಡೂ ತುದಿಗೆ ಟೇಪ್ ಸುತ್ತಿ ಬೇರೆ ಡಬ್ಬಿಯಲ್ಲಿಡಿ, ಕಸದ ಗಾಡಿಗೆ ಹಾಕಬೇಡಿ, ಅಲ್ಲಿ ಅಮುಕಿದಾಗ ಹೊತ್ತಿಕೊಂಡೀತು. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆ ಬ್ಯಾಟರಿಯನ್ನು ಮನೆ ಕಸದಿಂದ ಬೇರೆ ಮಾಡಿ ಸಂಗ್ರಹಿಸುವವರಿಗೆ ಕೊಡುವುದು ಬಳಸುವವರ ಹೊಣೆ. ನನ್ನವನ್ನು ರಿಪೇರಿಯವರೇ ಇಟ್ಟುಕೊಂಡರು. ಸ್ಕೂಟರಿನ ಹಳೆ ಸೆಲ್ಲುಗಳ ಜತೆ ಒಟ್ಟಿಗೆ ಕಳಿಸುತ್ತಾರಂತೆ.