ಬೀಳೋದು ತಪ್ಪುತ್ತೆ, ಕಳ್ಳತನ ತಪ್ಪಲ್ಲ: ಜೇಬಿನ ಮ್ಯಾಗ್ನೆಟ್ ಬಟನ್ 14 ತಿಂಗಳು ಬಳಸಿದ ಮೇಲೆ

ಜೇಬಿನ ಬಾಯಿ ಮುಚ್ಚೋ ಈ ಮ್ಯಾಗ್ನೆಟ್ ಬಟನ್ ತಗೊಂಡಿದ್ದು ಹೋದ ವರ್ಷ, ಆಟೋದಲ್ಲಿ ಫೋನ್ ಬಿಟ್ಬಂದ ಮೇಲೆ. ಬಿಟ್ಬಂದೆ ಅನ್ನೋದೂ ತಪ್ಪು, ಕುರ್ತಾ ಸೈಡ್ ಜೇಬಲ್ಲೇ ಇತ್ತು, ಸೀಟಲ್ಲಿ ಕೂತ್ರೆ ಆ ಜೇಬು ಅಡ್ಡ ಮಲಗುತ್ತಲ್ಲ, ಒಂದೊಂದು ಹಂಪ್ ಹತ್ತಿ ಇಳಿದಂಗೂ ಫೋನು ಸ್ವಲ್ಪ ಸ್ವಲ್ಪವೇ ಜಾರಿ ಸೀಟಿನ ಸಂದಿ ಸೇರಿದೆ, ನಾನು ಚಿಲ್ಲರೆ ಎಣಿಸಿ ಕೊಟ್ಟು ಗೇಟ್ ಹತ್ರ ಬಂದು ಜೇಬು ಮುಟ್ಕೊಂಡ್ರೆ ಖಾಲಿ. ಆಟೋದವ್ರು ಒಳ್ಳೆಯವ್ರು, ಪಕ್ಕದ ಮನೆಯವ್ರ ಫೋನಿಂದ ಕಾಲ್ ಮಾಡಿದ್ದಕ್ಕೆ ಎತ್ತಿ ವಾಪಸ್ ತಂದ್ಕೊಟ್ರು. ನಮ್ಮ ಡ್ರೆಸ್ಸಿಗೆ ಜೇಬೇ ಇರಲ್ಲ ಅಂತ ಟೈಲರ್ ಹತ್ರ ಹಠ ಮಾಡಿ ಹೊಲಿಸ್ಕೊಂಡಿರೋ ಜೇಬು ಅದು, ಇನ್ನು ಅದಕ್ಕೂ ಬಾಯಿ ಮುಚ್ಸೋ ಕೆಲ್ಸ ಬೇರೆ.

ಅದೇ ವಾರ ಊರಲ್ಲಿ ಅಪ್ಪನ ಕಥೆ ಇನ್ನೊಂದು. ಚನ್ನರಾಯಪಟ್ಟಣದ ಹತ್ರ ನಮ್ಮೂರು, ಎರಡು ಹಸು ಇದಾವೆ, ಬೆಳಿಗ್ಗೆ ಬಗ್ಗಿ ಹಿಂಡಿ ಕಲಸೋವಾಗ ಶರ್ಟಿನ ಎದೆ ಜೇಬಿಂದ ಫೋನು ನೇರ ಕಲಗಚ್ಚಿನ ಬಾನಿಗೆ. ಅದು ಮೂರನೇ ಫೋನು. ಅದಕ್ಕೂ ಮುಂಚೆ ಕನ್ನಡಕ ಒಂದ್ಸಲ ನೀರಿನ ಸಂಪಿಗೆ ಬಿದ್ದಿತ್ತು. ಸರಿ ಇಬ್ರಿಗೂ ಇರ್ಲಿ ಅಂತ ಆನ್‌ಲೈನಲ್ಲಿ ನಾಲ್ಕು ಸೆಟ್ಟಿನ ಪ್ಯಾಕೆಟ್ ಎರಡು ತರಿಸ್ದೆ, ಒಂದು 349 ರೂಪಾಯಿ. ಬ್ರಾಂಡ್ ಹೆಸ್ರು ಹೇಳಲ್ಲ, ಹತ್ತು ಹೆಸರಲ್ಲಿ ಒಂದೇ ಮಾಲು ಬರುತ್ತೆ.

ಹೆಂಗಿರುತ್ತೆ ಅಂದ್ರೆ, ಐದು ರೂಪಾಯಿ ನಾಣ್ಯಕ್ಕಿಂತ ಚಿಕ್ಕ ಬಿಲ್ಲೆಗಳು. ಜೇಬಿನ ಬಾಯಿಗೆ ಎರಡು ತುಟಿ ಇದಾವೆ ಅಂದ್ಕೊಳಿ. ಒಂದೊಂದು ತುಟಿಗೂ ಒಳಗಡೆ ಒಂದು ಮ್ಯಾಗ್ನೆಟ್ಟು, ಹೊರಗಡೆ ಒಂದು ತಗಡಿನ ಬಿಲ್ಲೆ, ಮಧ್ಯದಲ್ಲಿ ಬಟ್ಟೆ ಸಿಕ್ಕಾಕ್ಕೊಂಡಿರುತ್ತೆ. ಎರಡೂ ತುಟಿಯ ಮ್ಯಾಗ್ನೆಟ್ಟು ಎದುರುಬದುರು ಬಂದು ಟಕ್ ಅಂತ ಮುಚ್ಕೊಳ್ಳುತ್ತೆ. ಹೊಲಿಗೆ ಬೇಡ, ತೂತು ಬೇಡ, ಇವತ್ತು ಈ ಕುರ್ತಾ ನಾಳೆ ಆ ಪ್ಯಾಂಟು. ಮೊದಲ್ನೇ ದಿನ ಆಫೀಸಲ್ಲಿ ಟಕ್ ಟಕ್ ಅಂತ ಆಟ ಆಡ್ಕೊಂಡೇ ಕೂತಿದ್ದೆ, ಪಕ್ಕದವ್ಳು ಸಾಕು ನಿಲ್ಸೇ ಅನ್ನೋವರೆಗೂ.

ಎರಡನೇ ವಾರಕ್ಕೆ ಹುಳುಕು ಗೊತ್ತಾಯ್ತು. ಮ್ಯಾಗ್ನೆಟ್ಟಿಗೂ ಮ್ಯಾಗ್ನೆಟ್ಟಿಗೂ ಮಧ್ಯ ಏನೂ ಇಲ್ಲ, ಮ್ಯಾಗ್ನೆಟ್ಟಿಗೂ ತಗಡಿಗೂ ಮಧ್ಯ ಬಟ್ಟೆ ಇದೆ. ಯಾವುದರ ಹಿಡಿತ ಜಾಸ್ತಿ? ಜೇಬು ತೆಗಿಯೋಕೆ ಅಂತ ಗಬಕ್ಕನೆ ಎಳೆದ್ರೆ ಎರಡು ಮ್ಯಾಗ್ನೆಟ್ಟು ಪ್ರೇಮಿಗಳ ಥರ ಅಪ್ಕೊಂಡು ಹಂಗೇ ಇರ್ತಾವೆ, ಬಿಟ್ಟೋಗೋದು ತಗಡು. ಮೆಟ್ರೋ ಪ್ಲಾಟ್‌ಫಾರಮ್ಮಲ್ಲಿ ಟಿಣ್ ಅಂತ ಬಿದ್ದು ಉರುಳ್ಕೊಂಡು ಹೋಯ್ತು ಒಂದು, ಹಳಿ ಕಡೆಗೆ. ಜೇಬಲ್ಲಿರೋದು ಬೀಳ್ಬಾರ್ದು ಅಂತ ತಗೊಂಡ ವಸ್ತು ತಾನೇ ಮೊದಲು ಬಿತ್ತು. ಮೊದಲ ಪ್ಯಾಕೆಟ್ಟಲ್ಲಿ ಈಗ ಉಳಿದಿರೋದು ಒಂದೂವರೆ ಸೆಟ್ಟು.

ಆಮೇಲೆ ಕಂಡ್ಕೊಂಡ ಉಪಾಯ ಏನಂದ್ರೆ ಎಳೀಬಾರ್ದು, ಜಾರಿಸ್ಬೇಕು. ಹೆಬ್ಬೆಟ್ಟಲ್ಲಿ ಒಂದು ತುಟಿನ ಪಕ್ಕಕ್ಕೆ ತಳ್ಳಿದ್ರೆ ನಿಕ್ಕಲ್ ಲೇಪನದ ನುಣುಪಿಗೆ ಮ್ಯಾಗ್ನೆಟ್ಟು ಒಂದರ ಮೇಲೊಂದು ಸರ್ ಅಂತ ಜಾರ್ತಾವೆ, ತಗಡು ಮಾತ್ರ ಬಟ್ಟೆಯ ಒರಟಿಗೆ ಅಲ್ಲೇ ನಿಲ್ಲುತ್ತೆ. ಮ್ಯಾಗ್ನೆಟ್ಟನ್ನ ನೇರ ಎಳಿಯೋಕೆ ಬೇಕಾಗೋ ಬಲಕ್ಕಿಂತ ಪಕ್ಕಕ್ಕೆ ಜಾರ್ಸೋಕೆ ತುಂಬ ಕಡಿಮೆ ಸಾಕು. ಆದ್ರೆ ಇದೇ ಗುಣ ಇನ್ನೊಂದು ಕಡೆ ತೊಂದ್ರೆ ಕೊಡುತ್ತೆ, ಸ್ಕೂಟರಲ್ಲಿ ಕೂತಾಗ ತೊಡೆ ಫೋನನ್ನ ಮೇಲಕ್ಕೆ ಒತ್ತುತ್ತಲ್ಲ, ಆಗ ಬಾಯಿ ನೇರ ತೆರ್ಕೊಳಲ್ಲ, ಓರೆಯಾಗಿ ಜಾರಿ ತೆರ್ಕೊಳ್ಳುತ್ತೆ. ಅಗಲ ಜೇಬಿಗೆ ಮಧ್ಯದಲ್ಲಿ ಒಂದೇ ಹಾಕಿದ್ರೆ ಎರಡೂ ಮೂಲೆ ಬಾಯಿ ಬಿಟ್ಕೊಂಡೇ ಇರುತ್ತೆ, ಕೀ ಆರಾಮಾಗಿ ಹೊರಗೆ ಬರುತ್ತೆ. ಎರಡು ಹಾಕಿ. ಅಂದ್ರೆ ನಾಲ್ಕು ಸೆಟ್ಟು ಅಂತ ಕೊಡೋದು ಲೆಕ್ಕಕ್ಕೆ ಎರಡೇ ಜೇಬಿಗೆ.

ಬಟ್ಟೆ ದಪ್ಪ ಎಲ್ಲಕ್ಕಿಂತ ಮುಖ್ಯ. ತೆಳು ಕಾಟನ್, ರೇಯಾನ್ ಕುರ್ತಾ, ಟ್ರ್ಯಾಕ್ ಪ್ಯಾಂಟ್ ಇದಕ್ಕೆಲ್ಲ ಸೂಪರ್. ನಮ್ಮನೆಯವ್ರ ಜೀನ್ಸಿಗೆ ಹಾಕಿದ್ರೆ ತಗಡು ನಿಲ್ಲೋದೇ ಇಲ್ಲ, ಜೇಬಿನ ಅಂಚಲ್ಲಿ ಬಟ್ಟೆ ಮಡಿಚಿ ಮಡಿಚಿ ಹೊಲಿದಿರ್ತಾರೆ, ಅಷ್ಟು ದೂರಕ್ಕೆ ಮ್ಯಾಗ್ನೆಟ್ಟಿನ ಕೈ ಚಾಚಲ್ಲ. ಒಂದೆರಡು ಮಿಲಿಮೀಟರ್ ಅಂತರ ಜಾಸ್ತಿ ಆದ್ರೂ ಹಿಡಿತ ಧಡಾರಂತ ಬಿದ್ದೋಗುತ್ತೆ, ಮಾಲಿನ ವಿವರದಲ್ಲಿ ಬರೆದಿರೋ ಹಿಡಿತದ ಕೆಜಿ ಲೆಕ್ಕ ಎಲ್ಲ ಬರೀ ಕಬ್ಬಿಣಕ್ಕೆ ನೇರ ಅಂಟಿಸಿ ಅಳೆದಿದ್ದು, ಅದನ್ನ ನಂಬ್ಕೊಂಡು ತಗೋಬೇಡಿ.

ಎರಡನೇ ಪ್ಯಾಕೆಟ್ಟು ಬೇರೆ ಥರದ್ದು ಬಂತು, ತಗಡಿನ ಬದ್ಲು ಹಿಂದೆ ಬ್ಯಾಡ್ಜಿಗೆ ಇರೋ ಥರ ಸಣ್ಣ ಮುಳ್ಳು, ಬಟ್ಟೆಗೆ ಚುಚ್ಚಿ ಹಿಂದಿಂದ ಮುಚ್ಚಳ ಒತ್ತೋದು. ಇದು ಬೀಳಲ್ಲ, 14 ತಿಂಗಳಲ್ಲಿ ಒಂದೂ ಕಳೆದಿಲ್ಲ. ಆದ್ರೆ ಸಿಲ್ಕಿಗೆ ಹಾಕ್ಲೇಬೇಡಿ, ಮಲ್‌ಮಲ್ ಬಟ್ಟೆಗೂ ಬೇಡ, ಎಳೆದು ಎಳೆದು ತೂತು ಅಗಲ ಆಗುತ್ತೆ, ನನ್ನ ಒಂದು ನೀಲಿ ಕುರ್ತಾ ಹಂಗೇ ಹೋಯ್ತು. ದಿನಬಳಕೆಗೆ ಮುಳ್ಳಿನದು, ಒಳ್ಳೆ ಬಟ್ಟೆಗೆ ತಗಡಿನದು, ಇಷ್ಟೇ ನನ್ನ ಲೆಕ್ಕ.

ಈಗ ಕಳ್ಳರ ವಿಷಯ. ಮಾರೋರು ಫೋಟೋದಲ್ಲಿ ಜೇಬುಗಳ್ಳನ ಚಿತ್ರ ಹಾಕಿ ಅದರ ಮೇಲೆ ಕೆಂಪು ಗೆರೆ ಎಳೆದಿರ್ತಾರೆ. ನನ್ನ ತಮ್ಮನಿಗೆ ಹೇಳ್ದೆ, ಇವತ್ತು ಇಡೀ ದಿನದಲ್ಲಿ ಯಾವಾಗಾದ್ರೂ ನನ್ನ ಜೇಬಿಂದ ಫೋನ್ ಎತ್ತು ನೋಡಣ ಅಂತ. ಮನೆಯಲ್ಲಿ ಎರಡು ಸಲ ಟಕ್ ಸದ್ದಿಗೆ ಸಿಕ್ಕಾಕ್ಕೊಂಡ. ಸಂಜೆ ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತೋ ನೂಕುನುಗ್ಗಲಲ್ಲಿ ಎತ್ಬಿಟ್ಟ, ಸೀಟ್ ಸಿಕ್ಕಿ ಕೂತು ಅವನೇ ಕೈಗೆ ಕೊಟ್ಟಾಗಲೇ ನನಗೆ ಗೊತ್ತಾಗಿದ್ದು. ಆ ಗದ್ದಲದಲ್ಲಿ ಟಕ್ ಎಲ್ಲಿ ಕೇಳುತ್ತೆ. ಅವನು ಇಂಜಿನಿಯರಿಂಗ್ ಓದ್ತಿರೋ ಹುಡುಗ, ಕಸುಬಿನವ್ನಲ್ಲ, ಅವನಿಗೇ ಬಂತು ಅಂದ್ರೆ ಇನ್ನು ಕಸುಬುದಾರರಿಗೆ ಎಷ್ಟೊತ್ತು. ಇದು ಜಾರಿ ಬೀಳೋದನ್ನ ತಡಿಯೋ ವಸ್ತು, ಕೈ ಹಾಕೋದನ್ನ ತಡಿಯೋದಲ್ಲ. ಅದಕ್ಕೆ ಜಿಪ್ಪೇ ಗತಿ.

ಇಸ್ತ್ರಿ ಅಂಗಡಿ ಪ್ರಸಂಗ ಹೇಳ್ಲೇಬೇಕು. ನಮ್ಮ ರೋಡಲ್ಲಿ ತಳ್ಳುಗಾಡಿ ಇಟ್ಕೊಂಡು ಇದ್ದಿಲ ಪೆಟ್ಟಿಗೆಯಲ್ಲೇ ಇಸ್ತ್ರಿ ಮಾಡೋರು ಒಬ್ರು ಇದಾರೆ. ನಾನು ಬಟನ್ ತೆಗಿಯೋದು ಮರೆತು ಕುರ್ತಾ ಕೊಟ್ಟಿದ್ದೀನಿ. ಕಬ್ಬಿಣದ ಪೆಟ್ಟಿಗೆ ಜೇಬಿನ ಮೇಲೆ ಬಂದ ತಕ್ಷಣ ಮ್ಯಾಗ್ನೆಟ್ಟು ಬಟ್ಟೆ ಸಮೇತ ಅದಕ್ಕೆ ಹಾರಿ ಅಂಟ್ಕೊಂಡಿದೆ, ಅವರು ಪೆಟ್ಟಿಗೆ ಎತ್ತಿದ್ರೆ ಕುರ್ತಾನೂ ಎದ್ದು ಬಂದಿದೆ. ಮರುದಿನ ಬಟ್ಟೆ ಕೊಡ್ತಾ, ಅಮ್ಮಾ ಇದರಲ್ಲಿ ಏನೋ ಮಾಟ ಇದೆ ನೋಡ್ಕೊಳಿ ಅಂದ್ರು, ನಗ್ತಾನೇ ಅಂದ್ರು ಅನ್ಸುತ್ತೆ. ಬಟ್ಟೆಗೆ ಏನೂ ಆಗ್ಲಿಲ್ಲ ಪುಣ್ಯಕ್ಕೆ, ಆದ್ರೆ ಆ ಸೆಟ್ಟು ಅವತ್ತಿಂದ ಸತ್ತಂಗೆ, ಒಂದು ಪಿನ್ನು ಎತ್ತೋಕೂ ತಿಣುಕುತ್ತೆ. ಆಮೇಲೆ ಓದಿ ತಿಳ್ಕೊಂಡೆ, ಇದು ನಿಯೋಡೈಮಿಯಂ ಅನ್ನೋ ಲೋಹ, ಕಬ್ಬಿಣ, ಬೋರಾನ್ ಸೇರಿಸಿ ಮಾಡೋ ಮ್ಯಾಗ್ನೆಟ್ಟು, 1980ರ ದಶಕದಲ್ಲಿ ಜಪಾನಿನ ಮಸಾತೊ ಸಗಾವಾ ಕಂಡು ಹಿಡಿದಿದ್ದು, ಅದೇ ಹೊತ್ತಿಗೆ ಅಮೆರಿಕದ ಜನರಲ್ ಮೋಟಾರ್ಸ್‌ನವ್ರೂ ಬೇರೆಯಾಗಿ ಮಾಡಿದ್ರು. ಶಕ್ತಿ ಭಯಂಕರ, ಆದ್ರೆ ಶಾಖಕ್ಕೆ ಪುಕ್ಕಲು. ಮಾಮೂಲಿ ಗ್ರೇಡಿನದು 80 ಡಿಗ್ರಿ ಸೆಲ್ಸಿಯಸ್ ದಾಟಿದ್ರೆ ಶಕ್ತಿ ಕಳ್ಕೊಳ್ಳೋಕೆ ಶುರು, ತಣ್ಣಗಾದ್ಮೇಲೂ ಹೋದ ಶಕ್ತಿ ವಾಪಸ್ ಬರಲ್ಲ. ಕಾಟನ್ನಿಗೆ ಇಡೋ ಇಸ್ತ್ರಿ 200 ಡಿಗ್ರಿ ಹತ್ರ ಹೋಗುತ್ತೆ, ಇನ್ನೇನು ಉಳಿಯುತ್ತೆ.

ವಾಷಿಂಗ್ ಮಷೀನಿಗೂ ಒಂದ್ಸಲ ಹೋಗಿದೆ. ಡ್ರಮ್ಮಿನ ಗೋಡೆಗೆ ಅಂಟ್ಕೊಂಡಿತ್ತು, ಟಾರ್ಚ್ ಹಾಕಿ ಹುಡುಕಿದೆ. ಎರಡು ಬಿಲ್ಲೆ ಡಿಕ್ಕಿ ಹೊಡ್ಕೊಂಡು ಒಂದರ ಅಂಚು ಚೂರು ಕಿತ್ತಿತ್ತು, ಪಿಂಗಾಣಿ ಥರ ಒಡೆಯುತ್ತೆ ಇದು, ನೋಡೋಕೆ ಕಬ್ಬಿಣ ಅಷ್ಟೇ. ನಿಕ್ಕಲ್ ಲೇಪನ ಹೋದ ಜಾಗದಲ್ಲಿ ಒಂದು ತಿಂಗಳಿಗೆ ತುಕ್ಕು ಹಿಡಿದು ಬಿಳಿ ಕುರ್ತಾಗೆ ಕಂದು ಕಲೆ ಆಯ್ತು. ನಿಂಬೆಹಣ್ಣು ಉಪ್ಪು ಹಾಕಿ ಉಜ್ಜಿದ್ರೂ ಪೂರ್ತಿ ಹೋಗ್ಲಿಲ್ಲ. ಕರಾವಳಿ ಕಡೆಯವ್ರು ಇನ್ನೂ ಹುಷಾರಾಗಿರ್ಬೇಕು ಅನ್ಸುತ್ತೆ, ಉಪ್ಪು ಗಾಳಿಗೆ.

ಕರಾವಳಿ ಅಂದಿದ್ದಕ್ಕೆ ನೆನಪಾಯ್ತು, ಮರವಂತೆಗೆ ಹೋಗಿದ್ವಿ ದಸರಾ ರಜೆಯಲ್ಲಿ, ಮರಳಲ್ಲಿ ಕೂತು ಎದ್ರೆ ಎರಡೂ ಬಟನ್ನಿಗೆ ಕಪ್ಪು ಮೀಸೆ ಬಂದಿತ್ತು! ಮರಳಲ್ಲಿರೋ ಕಬ್ಬಿಣದ ಅಂಶ. ಸ್ಕೂಲಲ್ಲಿ ಇದ್ದಾಗ ಕೆಟ್ಟ ಸ್ಪೀಕರ್ ಒಡೆದು ಮ್ಯಾಗ್ನೆಟ್ ತೆಗೆದು ದಾರ ಕಟ್ಟಿ ಮರಳಲ್ಲಿ ಎಳ್ಕೊಂಡು ಓಡಾಡ್ತಿದ್ವಲ್ಲ, ಬಂದ ಪುಡಿನ ಪೇಪರ್ ಮೇಲೆ ಹಾಕಿ ಕೆಳಗಿಂದ ಕುಣಿಸ್ತಿದ್ವಿ, ಅದೇ. ಆಗ ಖುಷಿ ಆಗಿತ್ತು, ಈಗ ಅದು ಹಿಡಿತಕ್ಕೆ ಅಡ್ಡ ಬರುತ್ತೆ, ತೊಳೆದ್ರೆ ಹೋಗಲ್ಲ, ಒರೆಸಿದ್ರೆ ಅತ್ಲಿಂದ ಇತ್ಲಿಗೆ ಜರುಗುತ್ತೆ ಅಷ್ಟೇ. ಚಪಾತಿ ಹಿಟ್ಟಿನ ಸಣ್ಣ ಉಂಡೆ ಒತ್ತಿ ಎತ್ತಿದ್ರೆ ಕ್ಲೀನ್ ಆಗಿ ಬರುತ್ತೆ. ಸೆಲ್ಲೋಟೇಪೂ ಆಗುತ್ತೆ.

ಕಾರ್ಡು ಹಾಳಾಗುತ್ತಾ ಅಂತ ಎಲ್ರೂ ಕೇಳ್ತಾರೆ. ಚಿಪ್ಪಿರೋ ಎಟಿಎಂ ಕಾರ್ಡು, ಮೆಟ್ರೋ ಕಾರ್ಡು ಎರಡೂ ಇಷ್ಟು ದಿನ ಅದೇ ಜೇಬಲ್ಲಿದ್ದು ಏನೂ ಆಗಿಲ್ಲ, ಚಿಪ್ಪಿಗೆ ಮ್ಯಾಗ್ನೆಟ್ಟಿನ ಭಯ ಇಲ್ಲ. ಹಿಂದೆ ಇರೋ ಕಪ್ಪು ಪಟ್ಟಿಗೆ ಇದೆ. ಅದೇ ಮರವಂತೆ ಟ್ರಿಪ್ಪಲ್ಲಿ ಲಾಡ್ಜ್ ರೂಮಿನ ಕಪ್ಪು ಪಟ್ಟಿ ಕೀ ಕಾರ್ಡು ರಾತ್ರಿ ಕೆಲ್ಸ ಮಾಡ್ಲಿಲ್ಲ, ರಿಸೆಪ್ಷನ್ನಿಗೆ ಎರಡು ಸಲ ಇಳಿದು ಬಂದೆ, ಮೊದಲ ಸಲ ಅವರ ಮೇಲೇ ರೇಗಿದ್ದೆ, ಆಮೇಲೆ ಜೇಬು ನೆನಪಾಗಿ ಬಾಯಿ ಮುಚ್ಕೊಂಡೆ. ಫೋನಿಗೆ ಅಪಾಯ ಏನಿಲ್ಲ, ದಿಕ್ಸೂಚಿ ಮಾತ್ರ ತಲೆ ಕೆಡ್ಸಿಕೊಳ್ಳುತ್ತೆ, ಮ್ಯಾಪಲ್ಲಿ ಬಾಣ ತಿರುಗಿ ತಿರುಗಿ ಎಡಕ್ಕೆ ಹೋಗೋದು ಬಲಕ್ಕೆ ತೋರ್ಸುತ್ತೆ, ಫೋನನ್ನ ಜೇಬಿಂದ ದೂರ ತೆಗೆದು ಗಾಳಿಯಲ್ಲಿ ಎಂಟು ಬರೆದಂಗೆ ಆಡ್ಸಿದ್ರೆ ಸರಿ ಹೋಗುತ್ತೆ.

ಚಿಕ್ಕ ಮಕ್ಕಳಿರೋ ಮನೆಗೆ ತಗಡಿನ ಮಾದರಿ ಬೇಡವೇ ಬೇಡ. ಒಂದು ಬಿಲ್ಲೆ ನುಂಗಿದ್ರೆ ಒಂದು ಥರ, ಎರಡು ನುಂಗಿದ್ರೆ ಕರುಳಿನ ಎರಡು ಕಡೆಯಿಂದ ಒಂದನ್ನೊಂದು ಹಿಡ್ಕೊಂಡು ಮಧ್ಯದ ಕರುಳನ್ನೇ ತೂತು ಮಾಡಿಬಿಡುತ್ತೆ, ಆಪರೇಷನ್ನಿಗೇ ಹೋಗ್ಬೇಕಾಗುತ್ತೆ. ನುಂಗಿರಬಹುದು ಅಂತ ಡೌಟ್ ಬಂದ್ರೂ ಸಾಕು, ನೋಡಣ ಅಂತ ಕಾಯದೆ ಆಸ್ಪತ್ರೆಗೆ ಓಡಿ. ಅಕ್ಕನ ಮಗು ಬಂದಾಗ ನಾನು ಎಲ್ಲ ತೆಗೆದು ಅಟ್ಟದ ಡಬ್ಬಿಗೆ ಹಾಕ್ತೀನಿ, ಎಣಿಸಿ ಹಾಕ್ತೀನಿ.

ಅಪ್ಪನ ವಿಷಯ ಅರ್ಧಕ್ಕೆ ಬಿಟ್ಟೆ. ಅವರಿಗೆ ಎದೆ ಜೇಬಿಗೆ ನಾನೇ ಹಾಕ್ಕೊಟ್ಟಿದ್ದೆ, ಒಂಬತ್ತು ತಿಂಗಳು ಒಂದು ಸಲಾನೂ ಫೋನು ಬೀಳಲಿಲ್ಲ, ಡೈರಿ ಹತ್ರ ಹಾಲು ಹಾಕೋಕೆ ಬಂದವ್ರಿಗೆಲ್ಲ ತೋರ್ಸಿ ಟಕ್ ಅನ್ನಿಸಿ, ನಮ್ಮ ಹುಡುಗಿ ಬೆಂಗಳೂರಿಂದ ಕಳಿಸಿದ್ದು ಅಂತ ಹೇಳಿ, ಇಬ್ರು ನನ್ನತ್ರ ಆರ್ಡರ್ ಮಾಡಿಸ್ಕೊಂಡ್ರು ಕೂಡ. ಈ ವಿಮರ್ಶೆನ ಆಗಲೇ ಬರೆದಿದ್ರೆ ಐದಕ್ಕೆ ಐದು ಸ್ಟಾರ್ ಕೊಡ್ತಿದ್ದೆ. ಆಮೇಲೆ ಅವರಿಗೆ ತಲೆಸುತ್ತು ಬರೋಕೆ ಶುರುವಾಗಿ, ಹಾರ್ಟ್ ಬೀಟ್ ಕಮ್ಮಿ ಅಂತ ಗೊತ್ತಾಗಿ, ಮೈಸೂರಲ್ಲಿ ಪೇಸ್‌ಮೇಕರ್ ಅಂತ ಬಡಿತ ಸರಿ ಇಡೋ ಸಣ್ಣ ಯಂತ್ರ ಹಾಕಿದ್ರು. ಡಿಸ್ಚಾರ್ಜ್ ಮಾಡೋವಾಗ ಕೊಟ್ಟ ಹಾಳೆಯಲ್ಲಿ ಮೊಬೈಲು, ಮ್ಯಾಗ್ನೆಟ್ಟು ಇವನ್ನ 15 ಸೆಂಟಿಮೀಟರ್ ದೂರ ಇಡಿ ಅಂತ ಇತ್ತು. ಪೇಸ್‌ಮೇಕರ್ ಇರೋದು ಎಡಗಡೆ ಕಾಲರ್ ಮೂಳೆ ಕೆಳಗೆ. ಶರ್ಟಿನ ಜೇಬೂ ಎಡಗಡೆ. ಅಳೆದು ನೋಡಿದ್ರೆ ಒಂದು ಗೇಣೂ ಇಲ್ಲ.

ಹತ್ರಕ್ಕೆ ಮ್ಯಾಗ್ನೆಟ್ ಬಂದ್ರೆ ಆ ಯಂತ್ರ ಹೃದಯದ ಸ್ವಂತ ಬಡಿತ ಗಮನಿಸೋದು ಬಿಟ್ಟು ಒಂದೇ ಲಯದಲ್ಲಿ ಹೊಡಿಯೋಕೆ ಶುರು ಮಾಡುತ್ತಂತೆ, ಡಾಕ್ಟ್ರುಗಳೇ ಚೆಕಪ್ಪಲ್ಲಿ ಬೇಕಂತ ಮ್ಯಾಗ್ನೆಟ್ ಇಟ್ಟು ನೋಡ್ತಾರಂತೆ, ದೂರ ತೆಗೆದ್ರೆ ಸರಿ ಹೋಗುತ್ತೆ. ಆದ್ರೆ ದಿನವಿಡೀ ಎದೆ ಮೇಲೆ ಇಟ್ಕೊಂಡು ಓಡಾಡೋದು ಬೇರೆ ಮಾತು. ನನಗೆ ಸಿಟ್ಟು ಬಂದಿದ್ದು ಪ್ಯಾಕೆಟ್ಟಿನ ಮೇಲೆ. ಹಿಂದೆ ಮುಂದೆ ತಿರುಗಿಸಿ ನೋಡಿದೆ, ಕಳ್ಳನ ಚಿತ್ರ ಇದೆ, ಟ್ರಾವೆಲ್ಲಿಗೆ ಒಳ್ಳೇದು ಅಂತ ಇದೆ, ಪೇಸ್‌ಮೇಕರ್ ಬಗ್ಗೆ ಒಂದಕ್ಷರ ಇಲ್ಲ, ಮಕ್ಕಳ ಬಗ್ಗೆನೂ ಇಲ್ಲ. ಎದೆ ಜೇಬಲ್ಲಿ ಫೋನ್ ಇಟ್ಕೊಳ್ಳೋ ವಯಸ್ಸಿನವ್ರೇ ಅಲ್ವಾ ಜಾಸ್ತಿ ಪೇಸ್‌ಮೇಕರ್ ಇರೋರು? ಮಾರೋರಿಗೆ ಮೆಸೇಜ್ ಹಾಕಿದ್ದಕ್ಕೆ ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದಗಳು ಅಂತ ಬಂತು. ಎರಡು ಸ್ಟಾರ್ ಅದಕ್ಕೇ ಕಟ್.

ಟೈಲರ್ ಹತ್ರ ಟಿಚ್ ಬಟನ್ ಹಾಕ್ಸಿದ್ರೆ ಒಂದು ಜೇಬಿಗೆ 20 ರೂಪಾಯಿ ನಮ್ಮೇರಿಯಾದಲ್ಲಿ, ಜಿಪ್ಪಿಗೆ 70. ಒಂದೆರಡು ಡ್ರೆಸ್ಸಿಗೆ ಮಾತ್ರ ಆದ್ರೆ ಅದೇ ಅಗ್ಗ ಅದೇ ಗಟ್ಟಿ. ಪರ್ಸಿಗೆ ಹಾಕೋ ಮ್ಯಾಗ್ನೆಟ್ ಬಟನ್ನು ಚಿಕ್ಕಪೇಟೆಯಲ್ಲಿ ಬಿಡಿಯಾಗೇ ಸಿಗುತ್ತೆ, ಅದನ್ನ ಖಾಯಂ ಆಗಿ ಕೂರಿಸ್ಬೇಕು, ತೆಗಿಯೋಕಾಗಲ್ಲ, ಇಸ್ತ್ರಿ ತಲೆನೋವು ಹಂಗೇ ಇರುತ್ತೆ. ನನಗೆ ಹತ್ತು ಕುರ್ತಾಗೂ ಬೇಕು, ಅದಕ್ಕೆ ಮುಳ್ಳಿನ ಸೆಟ್ಟು ನಾಲ್ಕೇ ಇಟ್ಕೊಂಡು ಬಟ್ಟೆ ಬದಲಾಯಿಸ್ದಂಗೆ ಬದಲಾಯಿಸ್ತೀನಿ, ಸೈಡ್ ಜೇಬಿಗೆ ಮಾತ್ರ. ಆಟೋದಲ್ಲಿ ಆಮೇಲೆ ಒಂದ್ಸಲಾನೂ ಏನೂ ಬಿದ್ದಿಲ್ಲ, ಆದ್ರೂ ಇಳಿಯೋವಾಗ ಸೀಟು ತಡಕೋ ಅಭ್ಯಾಸ ಹೋಗಿಲ್ಲ.

ಅಪ್ಪ ಈಗ ಫೋನನ್ನ ಪಟಾಪಟಿ ಚಡ್ಡಿ ಜೇಬಿಗೆ ಹಾಕಿ ಬಾಯಿಗೆ ಒಂದು ಸೇಫ್ಟಿ ಪಿನ್ನು ಚುಚ್ಕೊಳ್ತಾರೆ. ಕಾಲ್ ಮಾಡಿದ್ರೆ ಪಿನ್ನು ಬಿಚ್ಚಿ ಎತ್ತೋ ಹೊತ್ತಿಗೆ ಕಟ್ ಆಗಿರುತ್ತೆ, ಆಮೇಲೆ ಅವರೇ ವಾಪಸ್ ಮಾಡ್ತಾರೆ. ಅವರ ಎರಡು ಬಟನ್ನು ಅಮ್ಮನ ಫ್ರಿಡ್ಜ್ ಮೇಲೆ ಡೈರಿ ಚೀಟಿ ಹಿಡ್ಕೊಂಡು ಕೂತಿದಾವೆ.