'ಹೊಸ ಬ್ಯಾಟರಿ ಹಾಕಿಸಿದ್ದೀನಿ ಸಾರ್' ಅಂದರೆ ಅಲ್ಲೇ ನಿಲ್ಲಿ: ಹಳೇ ಕಾರು ಕೊಳ್ಳುವವರಿಗೆ

ಮೂರು ತಿಂಗಳ ಹಿಂದೆ ನನಗೆ ಹಳೇ ಕಾರು ಮಾರಿ ಮೋಸ ಮಾಡಿದ ಡೀಲರ್‌ನ ವಾಟ್ಸಾಪ್ ಸ್ಟೇಟಸ್ ನಿನ್ನೆ ರಾತ್ರಿ ನೋಡಿದೆ. ಇನ್ನೊಂದು ಸಣ್ಣ ಕಾರು, ಪಾಲಿಶ್ ಹೊಡೆದು ನಿಲ್ಲಿಸಿದ್ದಾನೆ. ಕೆಳಗೆ ಅದೇ ಸಾಲು: 'ಸಿಂಗಲ್ ಓನರ್, ಕಡಿಮೆ ಓಡಿದ ಗಾಡಿ, ಹೊಸ ಬ್ಯಾಟರಿ.' ಮೈ ಉರಿದುಹೋಯಿತು. ಇಷ್ಟು ದಿನ ನಾಚಿಕೆಗೆ ಯಾರ ಹತ್ತಿರವೂ ಹೇಳಿರಲಿಲ್ಲ. ಇನ್ನೊಬ್ಬರು ಅವನ ಕೈಗೆ ಸಿಕ್ಕಿಬೀಳುವ ಮೊದಲು ಹೇಳಲೇಬೇಕು.

ನಾನು ಮೈಸೂರಿನಲ್ಲಿ ತೆಗೆದುಕೊಂಡಿದ್ದು 2014ರ ಮಾಡೆಲ್ ಪೆಟ್ರೋಲ್ ಹ್ಯಾಚ್‌ಬ್ಯಾಕ್. 2 ಲಕ್ಷ 85 ಸಾವಿರ ಕೊಟ್ಟೆ. ಮೀಟರ್‌ನಲ್ಲಿ 48,000 ಕಿಲೋಮೀಟರ್ ಇತ್ತು. ಅಮ್ಮನಿಗೆ ಮಂಡಿನೋವು, ಬಸ್ ಹತ್ತೋಕೆ ಆಗಲ್ಲ. ನನಗೆ ಬೇಕಿದ್ದದ್ದು ಎರಡೇ: ಮೈಲೇಜ್ ಕೊಡಬೇಕು, ದಾರಿಯಲ್ಲಿ ಕೈಕೊಡಬಾರದು. ಅವನು ಎರಡಕ್ಕೂ ತಲೆಯಾಡಿಸಿದ. "ಇಪ್ಪತ್ತು ಆರಾಮಾಗಿ ಕೊಡುತ್ತೆ ಸಾರ್. ಹೊಸ ಬ್ಯಾಟರಿ ಹಾಕಿಸಿದ್ದೀನಿ, ಇನ್ನು ಮೂರು ವರ್ಷ ಬಾನೆಟ್ ಎತ್ತೋದೇ ಬೇಡ" ಅಂದ. ಬ್ಯಾಟರಿಯ ವಾರಂಟಿ ಕಾರ್ಡ್ ಕೈಗಿಟ್ಟ. ಆ ಕಾರ್ಡ್ ನೋಡಿಯೇ ನಾನು ನಂಬಿದ್ದು. ನಮ್ಮ ಭಾವ ಮೊದಲೇ ಹೇಳಿದ್ದರು, ಮೆಕ್ಯಾನಿಕ್‌ನ ಕರೆದುಕೊಂಡು ಹೋಗು ಅಂತ. ನಾನು ಕೇಳಲಿಲ್ಲ.

ಹನ್ನೊಂದು ದಿನ ಊರೊಳಗೆ ಹಗಲು ಹೊತ್ತು ಓಡಿಸಿದೆ. ಏನೂ ತೊಂದರೆ ಇರಲಿಲ್ಲ. ಹನ್ನೆರಡನೇ ದಿನ ಅಮ್ಮನನ್ನು ಕೂರಿಸಿಕೊಂಡು ಧರ್ಮಸ್ಥಳಕ್ಕೆ ಹೊರಟೆ. ಹಾಸನ ದಾಟುವಾಗಲೇ ಮಳೆ ಶುರುವಾಯಿತು. ಸಕಲೇಶಪುರದ ಹೊತ್ತಿಗೆ ಕತ್ತಲೆ. ಹೆಡ್‌ಲೈಟ್, ವೈಪರ್, ಗಾಜಿನ ಮೇಲೆ ಮಂಜು ಕೂರುತ್ತಿತ್ತು ಅಂತ ಏಸಿ, ಎಲ್ಲ ಹಾಕಿದ್ದೆ. ದೋಣಿಗಾಲ್ ದಾಟಿದ ಮೇಲೆ ಹೆಡ್‌ಲೈಟ್ ಹಳದಿಯಾಯಿತು. ವೈಪರ್ ತೆವಳತೊಡಗಿತು. ಹಾರ್ನ್ ಹೊಡೆದರೆ ಸತ್ತ ದನಿ. ಮೀಟರ್ ಬೋರ್ಡ್ ನೋಡಿದೆ, ಬ್ಯಾಟರಿ ಗುರುತಿನ ಕೆಂಪು ಲೈಟ್ ಇಲ್ಲ. ಲೈಟ್ ಇಲ್ಲ ಅಂದಮೇಲೆ ಚಾರ್ಜಿಂಗ್ ಸರಿಯಾಗಿಯೇ ಇದೆ ಅಂದುಕೊಂಡೆ. ಎರಡು ತಿರುವು ಆದಮೇಲೆ ಎಂಜಿನ್ ನಿಂತೇ ಹೋಯಿತು. ಶಿರಾಡಿ ಘಾಟಿ, ಮಳೆ, ಕತ್ತಲೆ, ಹಿಂದೆ ಟ್ಯಾಂಕರ್‌ಗಳು. ಹಜಾರ್ಡ್ ಲೈಟ್ ಕೂಡ ಉರಿಯುತ್ತಿಲ್ಲ. ಅಮ್ಮ ಒಂದು ಮಾತೂ ಆಡಲಿಲ್ಲ, ಸೆರಗು ಬಿಗಿ ಹಿಡಿದು ಕೂತಿದ್ದರು. ನಾನು ಮೊಬೈಲ್ ಟಾರ್ಚ್ ಬೀಸುತ್ತಾ ಗಾಡಿ ಹಿಂದೆ ನಿಂತಿದ್ದೆ. ಒಬ್ಬ ಪಿಕಪ್ ಡ್ರೈವರ್ ಹಗ್ಗ ಕಟ್ಟಿ ಸಕಲೇಶಪುರಕ್ಕೆ ಎಳೆದು ತಂದರು. ದುಡ್ಡು ಕೊಟ್ಟರೂ ಮುಟ್ಟಲಿಲ್ಲ. ಅವರಿಗೆ ದೇವರು ಒಳ್ಳೆಯದು ಮಾಡಲಿ.

ಬೆಳಿಗ್ಗೆ ಅಲ್ಲಿನ ಆಟೋ ಎಲೆಕ್ಟ್ರಿಷಿಯನ್ ಒಬ್ಬರು ಬೇರೆ ಬ್ಯಾಟರಿಯಿಂದ ಸ್ಟಾರ್ಟ್ ಮಾಡಿ ವೋಲ್ಟ್ ಅಳೆಯುವ ಮಲ್ಟಿಮೀಟರ್ ಹಿಡಿದರು. ಎಂಜಿನ್ ಓಡುವಾಗ ಬ್ಯಾಟರಿ ತುದಿಯಲ್ಲಿ 13.5ರಿಂದ 14.5 ವೋಲ್ಟ್ ಬರಬೇಕಂತೆ. ನನ್ನದರಲ್ಲಿ 12.1. ಹೆಡ್‌ಲೈಟ್ ಹಾಕಿದ ಕೂಡಲೇ 11.5ಕ್ಕೆ ಇಳಿಯಿತು. "ಡೈನಮೋ ಹೋಗಿದೆ ಸಾರ್" ಅಂದರು. ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್‌ಗೆ ಗ್ಯಾರೇಜ್‌ಗಳಲ್ಲಿ ಈಗಲೂ ಡೈನಮೋ ಅಂತಲೇ ಹೇಳುತ್ತಾರೆ. ಬಿಚ್ಚಿ ತೋರಿಸಿದರು. ಕಾರ್ಬನ್ ಬ್ರಷ್ ಸವೆದು ಚೂರು ಉಳಿದಿತ್ತು, ಒಂದು ಡಯೋಡ್ ಸುಟ್ಟಿತ್ತು.

"48,000ಕ್ಕೇ ಹೀಗಾಗುತ್ತಾ?" ಅಂತ ಕೇಳಿದೆ. ಅವರು ನನ್ನ ಮುಖ ನೋಡಿದರು. ಸಾಮಾನ್ಯವಾಗಿ ಲಕ್ಷ, ಒಂದೂವರೆ ಲಕ್ಷ ಕಿಲೋಮೀಟರ್ ಬಾಳುವ ಐಟಂ ಇದು ಅಂದರು. ಆಮೇಲೆ ಕೀ ತಿರುಗಿಸಿ, ಸ್ಟಾರ್ಟ್ ಮಾಡದೆ ಹಾಗೇ ಬಿಟ್ಟರು. "ಈಗ ಬ್ಯಾಟರಿ ಲೈಟ್ ಬರಬೇಕು, ಸ್ಟಾರ್ಟ್ ಆದಮೇಲೆ ಆರಬೇಕು. ನಿಮ್ಮದರಲ್ಲಿ ಬರ್ತಾನೇ ಇಲ್ಲ ನೋಡಿ." ಮೀಟರ್ ಬೋರ್ಡ್ ಬಿಚ್ಚಿದರು. ಆ ಲೈಟಿನ ಮೇಲೆ ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿತ್ತು.

ಟೇಪ್! ಆ ಟೇಪ್ ನೋಡಿ ನನಗೆ ಮಾತೇ ಹೊರಡಲಿಲ್ಲ. ಮೊದಲೇ ಕೆಟ್ಟಿದ್ದು ಗೊತ್ತಿತ್ತು. ಕೆಂಪು ಲೈಟ್ ಕಾಣಬಾರದು ಅಂತ ಟೇಪ್. ಆಲ್ಟರ್ನೇಟರ್ ಸೋತಿದ್ದರೂ ಗಾಡಿ ಕೆಲವು ದಿನ ಓಡಲಿ ಅಂತ ಹೊಸ ಬ್ಯಾಟರಿ. ನಾನು ಖುಷಿಪಟ್ಟು ಎಲ್ಲರಿಗೂ ತೋರಿಸಿದ ಆ ಹೊಸ ಬ್ಯಾಟರಿಯೇ ಮೋಸ. ಕಂಪನಿ ಸರ್ವಿಸ್ ಸೆಂಟರ್‌ಗೆ ಹೋಗಿ ಗಾಡಿ ನಂಬರ್ ಕೊಟ್ಟು ವಿಚಾರಿಸಿದೆ. ಎರಡು ವರ್ಷದ ಹಿಂದಿನ ಕೊನೇ ಸರ್ವಿಸ್‌ನಲ್ಲೇ 1,21,000 ಕಿಲೋಮೀಟರ್ ಬರೆದಿತ್ತು. ಅಂದರೆ ಮೀಟರ್ ಕೂಡ ಹಿಂದಕ್ಕೆ ತಿರುಗಿಸಿದ್ದು.

ಡೀಲರ್‌ಗೆ ಫೋನ್ ಮಾಡಿದೆ. ಮೊದಲು, "ಎಲೆಕ್ಟ್ರಿಕಲ್ ಐಟಂಗೆ ಯಾರೂ ಗ್ಯಾರಂಟಿ ಕೊಡಲ್ಲ ಸಾರ್." ಟೇಪ್ ಫೋಟೋ ಕಳಿಸಿದೆ. "ಹಿಂದಿನ ಓನರ್ ಹಾಕಿರಬಹುದು, ಅವರನ್ನ ಕೇಳಿ." ಸರ್ವಿಸ್ ಪ್ರಿಂಟ್ ಕಳಿಸಿದೆ. ಎರಡು ದಿನ ಉತ್ತರ ಇಲ್ಲ, ನೋಡಿದ್ದಾನೆ ಅಂತ ನೀಲಿ ಟಿಕ್ ಇದೆ. ಆಮೇಲೆ, "ನೀವೇ ಟ್ರಯಲ್ ನೋಡಿ ಸೈನ್ ಮಾಡಿದ್ದೀರಲ್ಲ, ಇರುವ ಸ್ಥಿತಿಯಲ್ಲೇ ತಗೊಂಡಿದ್ದೀನಿ ಅಂತ." ಕೊನೆಗೆ ಅವನು ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ: "ಹೊಸ ಬ್ಯಾಟರಿ ಹಾಕಿಕೊಟ್ಟಿದ್ದೇ ತಪ್ಪಾ ಸಾರ್?" ಘಾಟಿಯಲ್ಲಿ ನನ್ನ ತಾಯಿಯನ್ನು ಆ ಕತ್ತಲಲ್ಲಿ ಕೂರಿಸಿದವನು ಕೇಳುವ ಮಾತಾ ಇದು?

ಮೈಲೇಜ್ ಕೂಡ ಸುಳ್ಳು. ಟ್ಯಾಂಕ್ ಫುಲ್ ಮಾಡಿಸಿ, 300 ಕಿಲೋಮೀಟರ್ ಓಡಿಸಿ, ಮತ್ತೆ ಫುಲ್ ಮಾಡಿಸಿ ಲೆಕ್ಕ ಹಾಕಿದೆ. ಹದಿಮೂರೂವರೆ ಬಂತು. ಹೊಸ ಕಾರಿಗೇ ಎಆರ್‌ಎಐ (ಗಾಡಿಗಳನ್ನು ಪರೀಕ್ಷೆ ಮಾಡುವ ಸಂಸ್ಥೆ) ಹೇಳುವ ಮೈಲೇಜ್ ಊರೊಳಗೆ ಬರಲ್ಲ, ಗೊತ್ತು. ಆದರೆ ಲಕ್ಷ ದಾಟಿದ ಎಂಜಿನ್‌ನ 48,000 ಅಂತ ಮಾರಿದರೆ ಇಪ್ಪತ್ತು ಎಲ್ಲಿಂದ ಬರಬೇಕು?

ನೀವು ಹೋದಾಗ ದಯವಿಟ್ಟು ಹೀಗೆ ಮಾಡಿ. ಕೀ ಆನ್ ಮಾಡಿ, ಸ್ಟಾರ್ಟ್ ಮಾಡಬೇಡಿ. ಬ್ಯಾಟರಿ ಲೈಟ್ ಬರದಿದ್ದರೆ ಎದ್ದು ಬನ್ನಿ. ಬಂದರೆ ಸ್ಟಾರ್ಟ್ ಮಾಡಿ, ಹೆಡ್‌ಲೈಟ್, ಏಸಿ, ವೈಪರ್ ಎಲ್ಲ ಹಾಕಿಸಿ ವೋಲ್ಟ್ ನೋಡಿಸಿ. ಮಲ್ಟಿಮೀಟರ್ ಐನೂರು ರೂಪಾಯಿ ಒಳಗೆ ಸಿಗುತ್ತೆ. ಬ್ಯಾಟರಿ ಯಾಕೆ ಬದಲಿಸಿದ್ದು ಅಂತ ಕೇಳಿ. ಸರ್ವಿಸ್ ಹಿಸ್ಟರಿ ನೋಡದೆ ಅಡ್ವಾನ್ಸ್ ಕೊಡಬೇಡಿ, ಎಷ್ಟೇ ಅವಸರ ಮಾಡಿಸಿದರೂ ಕೊಡಬೇಡಿ. 2023ರ ಏಪ್ರಿಲ್‌ನಿಂದ ಹಳೇ ಗಾಡಿ ಮಾರುವ ಡೀಲರ್‌ಗೆ ಆರ್‌ಟಿಒ ಅಧಿಕಾರ ಪತ್ರ ಇರಬೇಕು, ಅದನ್ನೂ ಕೇಳಿ. ನಾನು ಆಮೇಲೆ ಕೇಳಿದಾಗ ಅವನು ಫೋನ್ ಇಟ್ಟುಬಿಟ್ಟ.

ಹೊಸ ಆಲ್ಟರ್ನೇಟರ್‌ಗೆ, ಲಾಡ್ಜ್‌ಗೆ ಎಲ್ಲ ಸೇರಿ 16 ಸಾವಿರ ಹೋಯಿತು. ಟೇಪ್, ಹಳೇ ಆಲ್ಟರ್ನೇಟರ್, ಅವನ ಮೆಸೇಜ್‌ಗಳು, ಸರ್ವಿಸ್ ಪ್ರಿಂಟ್ ಎಲ್ಲ ಇಟ್ಟಿದ್ದೇನೆ. ಗ್ರಾಹಕ ಸಹಾಯವಾಣಿ 1915ಕ್ಕೆ ಹೇಳಿಯಾಯಿತು. 5 ಲಕ್ಷದ ಒಳಗಿನ ಖರೀದಿಗೆ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಶುಲ್ಕ ಇಲ್ಲ, ಸೋಮವಾರ ದೂರು ಹಾಕುತ್ತಿದ್ದೇನೆ. ಮೈಸೂರಿನಲ್ಲಿ ಇದೇ ರೀತಿ ಮೀಟರ್ ತಿರುಗಿಸಿದ ಗಾಡಿ ಬೇರೆ ಯಾರಿಗಾದರೂ ಸಿಕ್ಕಿದ್ದರೆ ನನಗೆ ತಿಳಿಸಿ.